ಸುತ್ತಿಗೆ ಸಾಕು ಎಂದ ಆರ್ಲೊ

ನನ್ನ ಅಕ್ಕನ ಗಂಡ ಆರ್ಲೊ ಬ್ರೆಕ್ಕೆ ಹೇಗೆ ಅಂತ ನಾರ್ಡಲ್ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಒಂದೇ ಮಾತು ಹೇಳುತ್ತಾರೆ: ಕೈ ಚೊಕ್ಕ, ಬಾಯಿ ಕೊಳಕು. ನಾನು ಅವನ ನಾದಿನಿ, ಲವಾನ್. ಬಾಯಿಯ ವಿಷಯದಲ್ಲಿ ನನ್ನ ಅಭಿಪ್ರಾಯವೂ ಅದೇ. ಕೈಯ ವಿಷಯದಲ್ಲಿ ಹೋದ ಅಕ್ಟೋಬರ್‌ವರೆಗೂ ಅದೇ ಇತ್ತು.

ಆರ್ಲೊ ನಮ್ಮ ಕೌಂಟಿಯ ರಸ್ತೆ ಸಮ ಮಾಡುವ ಗ್ರೇಡರ್ ಯಂತ್ರ ಓಡಿಸುತ್ತಿದ್ದ. ಬೇಸಿಗೆಯಲ್ಲಿ ಜಲ್ಲಿ ರಸ್ತೆ ಹೆರೆಯುವುದು, ಚಳಿಗಾಲದಲ್ಲಿ ಹಿಮ ತಳ್ಳುವುದು. ಅವನು ಹೆರೆದು ಹೋದ ರಸ್ತೆಯಲ್ಲಿ ಲಾರಿಯೊಳಗಿನ ಕಾಫಿ ತುಳುಕುತ್ತಿರಲಿಲ್ಲ, ಅದು ನಿಜ. ಆದರೆ ಮಳೆ ಬಿದ್ದ ಮರುದಿನ ಯಾವನಾದರೂ ಆ ರಸ್ತೆಯ ಮೇಲೆ ಟ್ರ್ಯಾಕ್ಟರ್ ಹರಿಸಿ ಗಾಡಿಜಾಡು ಮಾಡಿದನೋ, ಅವನ ಮನೆ ಬಾಗಿಲಿಗೇ ಹೋಗಿ ಹೆಂಡತಿ ಮಕ್ಕಳ ಎದುರು ಮಾನ ಕಳೆದು ಬರುತ್ತಿದ್ದ. ಈ ಮನುಷ್ಯನ ಜೊತೆ ಹೇಗೆ ಬಾಳುತ್ತೀಯೇ ಅಂತ ಅಕ್ಕ ಮಾರ್ಲಿಸ್‌ಳನ್ನು ಎಷ್ಟೋ ಸಲ ಕೇಳಿದ್ದೆ. "ಅವನು ಬೈಯೋದು ರಸ್ತೆ ಹಾಳು ಮಾಡಿದವರಿಗೆ, ನನಗಲ್ಲ" ಅನ್ನುತ್ತಿದ್ದಳು. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಆಮೇಲೆ ಅವನನ್ನು ಸಹಿಸಿಕೊಳ್ಳುವ ಪಾಡು ನನ್ನ ತಲೆಗೆ ಬಂತು.

ತಲೆಗೆ ಅಂದರೆ ಅಂಗಡಿಗೆ. ಊರಿನ ದೊಡ್ಡ ಬೀದಿಯಲ್ಲಿ ನನ್ನದೊಂದು ಅಂಗಡಿ ಇದೆ. ಕೋವಿ, ಮದ್ದು, ಗುಂಡು, ಗಾಳ, ಕೈಗವಸು, ಎಲ್ಲ ಸಿಗುತ್ತದೆ. ಮೂಲೆಯಲ್ಲಿ ಒಂದು ಮೇಜು, ಒಂದು ಕಾಫಿ ಪಾತ್ರೆ. ಗೋಧಿ ಕೊಯ್ಲು ಮುಗಿದ ಮೇಲೆ ಕೆಲಸವಿಲ್ಲದ ಗಂಡಸರೆಲ್ಲ ಬೆಳಿಗ್ಗೆ ಅಲ್ಲಿ ಬಂದು ಕೂರುತ್ತಾರೆ. ನಿವೃತ್ತನಾದ ಮೇಲೆ ಗೋಡೆ ಪಕ್ಕದ ಕುರ್ಚಿ ಆರ್ಲೊನದು. ಅಲ್ಲಿಂದ ಕೌಂಟರಿಗೆ ಬಂದವರೆಲ್ಲ ಕಾಣಿಸುತ್ತಾರೆ, ಅವರೇನು ಕೊಂಡರು ಅನ್ನುವುದೂ ಕಾಣಿಸುತ್ತದೆ. ನನ್ನ ವ್ಯಾಪಾರ ಅರ್ಧ ಕೆಟ್ಟದ್ದು ಆ ಕುರ್ಚಿಯಿಂದಲೇ.

ನಮ್ಮ ಮೊಂಟಾನಾದ ಈ ಭಾಗದಲ್ಲಿ ಎರಡು ಮನೆಗೊಂದರಲ್ಲಿ ತೋಟಾ ತುಂಬುವ ಬೆಂಚು ಇರುತ್ತದೆ. ಹಾರಿಸಿದ ತೋಟಾದ ಹಿತ್ತಾಳೆ ಕೊಳವೆಯನ್ನು ಎಸೆಯುವುದಿಲ್ಲ. ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಹಾಕಿ, ಮದ್ದು ಅಳೆದು ಸುರಿದು, ಬಾಯಿಗೆ ಹೊಸ ಗುಂಡು ಒತ್ತಿ ಕೂರಿಸುತ್ತಾರೆ. ತನ್ನ ಕೋವಿಗೆ ತಾನೇ ಹೊಲಿದ ಅಂಗಿಯ ಹಾಗೆ. ಇದರಲ್ಲಿ ಒಂದು ಕಟ್ಟುಪಾಡಿದೆ: ಒಬ್ಬ ತುಂಬಿದ ತೋಟಾವನ್ನು ಇನ್ನೊಬ್ಬ ಹಾರಿಸುವುದಿಲ್ಲ. ಕೊಟ್ಟರೆ ಥ್ಯಾಂಕ್ಸ್ ಹೇಳಿ ತೆಗೆದುಕೊಂಡು ಹೋಗಿ ಡ್ರಾಯರಿನಲ್ಲಿ ಇಟ್ಟುಬಿಡುತ್ತಾರೆ. ಮದ್ದು ಅಳೆಯುವಾಗ ಅವನ ಗಮನ ಎಲ್ಲಿತ್ತೋ ಯಾರು ಕಂಡರು? ಸಿಡಿಯುವುದು ಹಾರಿಸಿದವನ ಮುಖದ ಪಕ್ಕದಲ್ಲಿ, ತುಂಬಿದವನ ಮುಖದ ಪಕ್ಕದಲ್ಲಲ್ಲ.

ಈ ಕಟ್ಟುಪಾಡು ಅನ್ವಯಿಸದ ಮನೆ ಊರಿಗೆಲ್ಲ ಒಂದೇ, ಆರ್ಲೊನದು. ಅವನ ಮಗಳು ಜನೆಲ್ ಪಕ್ಕದೂರಿನ ಧಾನ್ಯದ ಗೋದಾಮಿನಲ್ಲಿ ಕೆಲಸ ಮಾಡುತ್ತಾಳೆ. ನಲವತ್ತು ದಾಟಿದ ಹೆಂಗಸು. ಕೋವಿ ಹಿಡಿದ ದಿನದಿಂದ ಅವಳು ಅಪ್ಪ ತುಂಬಿದ ತೋಟಾ ಬಿಟ್ಟು ಬೇರೆಯದನ್ನು ಹಾರಿಸಿಲ್ಲ ಅನ್ನುವುದು ಊರಿಗೇ ಗೊತ್ತಿದ್ದ ಮಾತು. ಪ್ರತಿ ಅಕ್ಟೋಬರ್, ಜಿಂಕೆ ಬೇಟೆ ಶುರುವಾಗುವ ಮೊದಲು ಅವನು ಅವಳಿಗೊಂದು ಪೆಟ್ಟಿಗೆ ತುಂಬಿ ಕೊಡುತ್ತಾನೆ. ಅವಳ ಮದುವೆಯಲ್ಲೂ ಒಂದು ಒಳ್ಳೆಯ ಮಾತಾಡದವನು, ವಿಚ್ಛೇದನವಾದಾಗಲೂ ಸಮಾಧಾನ ಹೇಳದವನು, ಆ ಪೆಟ್ಟಿಗೆ ಮಾತ್ರ ತಪ್ಪಿಸಿಲ್ಲ. ಅಕ್ಕನ ಅಂತ್ಯಕ್ರಿಯೆ ಮುಗಿದು ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ಕರಿ ಕೋಟಿನ ಜೇಬಿನಿಂದ ಆ ಪೆಟ್ಟಿಗೆ ತೆಗೆದು ಮಗಳ ತಟ್ಟೆಯ ಪಕ್ಕ ಇಟ್ಟು, ಕಾಫಿ ತರಲು ಎದ್ದುಹೋದ. ನಾನು ಅವತ್ತು ಅಕ್ಕನಿಗಿಂತ ಆ ಪೆಟ್ಟಿಗೆ ನೋಡಿ ಹೆಚ್ಚು ಅತ್ತೆ.

ತುಂಬುವವರು ಒಮ್ಮೊಮ್ಮೆ ತಪ್ಪುತ್ತಾರೆ. ತಪ್ಪಿದ್ದನ್ನು ಬಿಚ್ಚಬೇಕು, ಅಂದರೆ ಕೊಳವೆಯ ಬಾಯಿಂದ ಗುಂಡು ಕೀಳಬೇಕು. ಅದಕ್ಕೆ ನನ್ನ ಅಂಗಡಿಯಲ್ಲಿ ಎರಡು ಉಪಕರಣ ಇವೆ. ಒಂದು ಸುತ್ತಿಗೆ. ಮಕ್ಕಳ ಆಟಿಕೆ ಥರ ಕಾಣುವ ಟೊಳ್ಳು ತಲೆಯ ಪ್ಲಾಸ್ಟಿಕ್ ಸುತ್ತಿಗೆ. ತೋಟಾವನ್ನು ಅದರ ತಲೆಯೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಬಡಿಯುತ್ತಾ ಹೋದರೆ, ಗುಂಡೂ ಮದ್ದೂ ಕಳಚಿ ತಲೆಯೊಳಗೇ ಬೀಳುತ್ತವೆ. ಅಗ್ಗ, ಎಲ್ಲ ಅಳತೆಗೂ ಆಗುತ್ತದೆ, ಆದರೆ ಒಂದೊಂದಕ್ಕೂ ಬಡಿಬಡಿದು ಕೈ ಬಿದ್ದುಹೋಗುತ್ತದೆ. ಇನ್ನೊಂದು ಕಾಲೆಟ್. ತೋಟಾ ತುಂಬುವ ಪ್ರೆಸ್ಸಿಗೇ ಸಿಕ್ಕಿಸುವ ಉಕ್ಕಿನ ಹಿಡಿ. ಅದು ಗುಂಡಿನ ಕುತ್ತಿಗೆ ಹಿಡಿದುಕೊಳ್ಳುತ್ತದೆ, ನೀವು ಹಿಡಿಕೆ ಎಳೆದರೆ ಕೊಳವೆ ಕೆಳಗೆ ಜಾರಿ ಗುಂಡು ಮೇಲೇ ಉಳಿಯುತ್ತದೆ. ಒಂದೇ ಎಳೆತ. ಗುಂಡಿನ ದಪ್ಪಕ್ಕೆ ತಕ್ಕಂತೆ ಬೇರೆ ಬೇರೆ ಹಿಡಿ ಕೊಳ್ಳಬೇಕು ಅನ್ನುವುದೊಂದು ತಾಪತ್ರಯ. ಜಾಸ್ತಿ ಬಿಗಿ ಮಾಡಿದರೆ ಗುಂಡಿನ ಮೇಲೆ ಸಣ್ಣ ಉಂಗುರದ ಗುರುತು ಬೀಳುತ್ತದೆ ಅನ್ನುವುದು ಇನ್ನೊಂದು. ನಾನು ಕೇಳಿದವರಿಗೆಲ್ಲ ಇದನ್ನೇ ಹೇಳುತ್ತೇನೆ: ಎರಡು ಮೂರು ಬಿಚ್ಚುವುದಿದ್ದರೆ ಸುತ್ತಿಗೆ, ಪೆಟ್ಟಿಗೆಗಟ್ಟಲೆ ಇದ್ದರೆ ಕಾಲೆಟ್.

ಪೆಟ್ಟಿಗೆಗಟ್ಟಲೆ. ಅದೇ ಕಷ್ಟ. ಕಾಲೆಟ್ ಕೊಳ್ಳಲು ಬಂದವನು ದೊಡ್ಡ ತಪ್ಪು ಮಾಡಿಕೊಂಡಿದ್ದಾನೆ ಅಂತ ಅಂಗಡಿಗೆಲ್ಲ ಗೊತ್ತಾಗಿಬಿಡುತ್ತದೆ. ಆರ್ಲೊ ಅಂಥವರಿಗೇ ಹೊಂಚು ಹಾಕಿಕೊಂಡು ಕೂತಿರುತ್ತಿದ್ದ. "ಏನು, ಅಡುಗೆ ಕೆಟ್ಟಿತಾ?" ಅಂತ ಗೋಡೆ ಪಕ್ಕದಿಂದ ಕೂಗುತ್ತಿದ್ದ. ಮೇಜಿನ ಸುತ್ತ ಇದ್ದವರೆಲ್ಲ ಹಲ್ಲು ಕಿರಿಯುತ್ತಿದ್ದರು.

ನಮ್ಮ ಅಂಚೆಯವ ಲೋರನ್ ಆಸೆನ್ ಒಂದು ಸಲ ಸಿಕ್ಕಿಬಿದ್ದ. ಸಾಧು ಮನುಷ್ಯ. ಅಳತೆ ತಪ್ಪಿ ಎಲ್ಲ ತೋಟಾಗಳಲ್ಲೂ ಗುಂಡು ಸ್ವಲ್ಪ ಮೇಲೆ ಕೂತಿತ್ತು, ಅವನ ಕೋವಿಯೊಳಗೆ ಹೋಗುತ್ತಿರಲಿಲ್ಲ. ಮೆಲ್ಲಗೆ ಬಂದು ಕಾಲೆಟ್ ಕೇಳಿದ.

"ಏನು ಲೋರನ್, ಅಡುಗೆ ಕೆಟ್ಟಿತಾ? ಪೂರಾ ಹಂಡೆಯೇ ಕೆಟ್ಟಿತಾ?" ಅಂದ ಆರ್ಲೊ.

"ಹಾಗೇ ಅನ್ಕೋ ಆರ್ಲೊ."

"ಒಂದೆರಡು ತಪ್ಪೋನಿಗೆ ಸುತ್ತಿಗೆ ಸಾಕು ಕಣೋ. ನೂರು ತಪ್ಪೋನು ತೋಟಾ ತುಂಬಲೇಬಾರದು. ಕಾಗದ ಹಂಚೋ ಕೈ ಅದು, ಕಾಗದ ಹಂಚ್ಕೊಂಡಿರಲಿ."

ಲೋರನ್ ಮುಖ ಕೆಂಪಾಯಿತು. "ಆಮೇಲೆ ಬರ್ತೀನಿ ಲವಾನ್" ಅಂತ ಹೋದವನು ಬರಲೇ ಇಲ್ಲ. ದೂರದ ಪೇಟೆಗೆ ಹೋಗಿ ಅದನ್ನು ತಂದನಂತೆ. ನನಗೆ ಪಿತ್ತ ನೆತ್ತಿಗೇರಿತು. ಗಿರಾಕಿ ಹೋದ ಅಂತಲ್ಲ. ತಪ್ಪಾಗಿದೆ ಅಂತ ತಿಳಿದು ಸರಿ ಮಾಡಿಕೊಳ್ಳಲು ಬಂದವನನ್ನು ಹಾಗೆ ಮಾಡಿದರೆ, ನಾಳೆ ಇನ್ನೊಬ್ಬ ನಾಚಿಕೆಗೆ ಹೆದರಿ ತಪ್ಪಿದ ತೋಟಾವನ್ನೇ ಹಾರಿಸುತ್ತಾನೆ. ಅದನ್ನೇ ಆರ್ಲೊನಿಗೆ ಹೇಳಿದೆ. "ಹಾರಿಸಲಿ ಬಿಡು, ಬುದ್ಧಿ ಬರುತ್ತೆ" ಅಂದ. ಅವತ್ತು ಅವನ ಕಾಫಿ ಲೋಟ ಕಿತ್ತುಕೊಂಡು ಸಿಂಕಿಗೆ ಸುರಿದೆ. ಮರುದಿನ ಏನೂ ಆಗಿಲ್ಲ ಅನ್ನುವ ಹಾಗೆ ಬಂದು ಅದೇ ಕುರ್ಚಿಯಲ್ಲಿ ಕೂತ.

ಹೋದ ಅಕ್ಟೋಬರಿನಲ್ಲಿ, ಬೇಟೆ ಶುರುವಾಗುವ ವಾರ, ಆ ಕುರ್ಚಿ ಖಾಲಿಯಿತ್ತು. ಮಂಗಳವಾರ ಬರಲಿಲ್ಲ, ಬುಧವಾರ ಬರಲಿಲ್ಲ. ನೆಗಡಿಯಿರಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ ಅಂಗಡಿ ತಣ್ಣಗಿತ್ತು, ನಾನೂ ವಿಚಾರಿಸಲು ಹೋಗಲಿಲ್ಲ. ಶುಕ್ರವಾರ ಮಧ್ಯಾಹ್ನ ಆಲೂಗಡ್ಡೆ, ಮಾಂಸ ಹಾಕಿ ಬೇಯಿಸಿದ ಒಂದು ತಟ್ಟೆ ಹಾಟ್‌ಡಿಷ್ ತೆಗೆದುಕೊಂಡು ಅವನ ಮನೆಗೆ ಹೋದೆ.

ಮನೆಯಲ್ಲಿ ಯಾರೂ ಇಲ್ಲ. ಗ್ಯಾರೇಜಿನಿಂದ ಟಕ್, ಟಕ್ ಅಂತ ಸದ್ದು ಬರುತ್ತಿತ್ತು. ಒಳಗೆ ಹೋದರೆ ಆರ್ಲೊ ಬೆಂಚಿನ ಮುಂದೆ ನಿಂತು ಎಡಗೈಯಲ್ಲಿ ಸುತ್ತಿಗೆ ಹಿಡಿದು ದಿಮ್ಮಿಗೆ ಬಡಿಯುತ್ತಿದ್ದ. ಬಲಗೈ ಮಣಿಕಟ್ಟು ಊದಿಕೊಂಡು ಬ್ರೆಡ್ಡಿನ ಹಿಟ್ಟಿನ ಹಾಗಾಗಿತ್ತು. ಪಕ್ಕದಲ್ಲಿ ಕಿತ್ತ ಗುಂಡುಗಳ ರಾಶಿ, ಖಾಲಿ ಕೊಳವೆಗಳ ರಾಶಿ. ಬೆಂಚಿನ ಮೇಲೆ ಮದ್ದಿನ ಡಬ್ಬಿ ಎರಡು.

ಎರಡು ಡಬ್ಬಿ ನೋಡಿದ್ದೇ ಹಾಟ್‌ಡಿಷ್ ತಟ್ಟೆಯನ್ನು ಬೆಂಚಿನ ಮೇಲೆ ಇಟ್ಟುಬಿಟ್ಟೆ. ಬೆಂಚಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ, ಕೆಲಸ ಮುಗಿದ ತಕ್ಷಣ, ಮೇಲೆ ಸುರಿದ ಮದ್ದನ್ನು ತಳದಿಂದ ಅಳೆದು ಇಳಿಸುವ ಅಳತೆ ಪಾತ್ರೆ ಖಾಲಿ. ಊರಿನ ಅರ್ಧ ಜನಕ್ಕೆ ಈ ಪಾಠ ಹೇಳಿಕೊಟ್ಟವನು ಇವನೇ.

"ಏನಾಯ್ತು?" ಅಂದೆ.

"ಏನಿಲ್ಲ. ಬಾಗಿಲು ಹಾಕು, ಚಳಿ ಬರುತ್ತೆ."

"ಆರ್ಲೊ, ಏನಾಯ್ತು ಅಂತ ಕೇಳ್ದೆ."

ಸುತ್ತಿಗೆ ಕೆಳಗಿಟ್ಟ. ಹಿಂದಿನ ವಾರ ಪಿಸ್ತೂಲಿನ ತೋಟಾ ತುಂಬಿದ್ದನಂತೆ. ಅಳತೆ ಪಾತ್ರೆಯಲ್ಲಿ ಪಿಸ್ತೂಲಿನ ಮದ್ದು ಉಳಿದಿತ್ತು. ಖಾಲಿ ಮಾಡಲು ಮರೆತ. ಭಾನುವಾರ ಬೆಳಿಗ್ಗೆ ಅದರ ಮೇಲೆಯೇ ಕೋವಿಯ ಮದ್ದು ಸುರಿದು ತುಂಬಲು ಕೂತ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿಕೋ ಅಂದರೆ ಕೇಳದ ಆಸಾಮಿ. ಗೊತ್ತಾಗಲಿಲ್ಲ. ಸೋಮವಾರ ಪಾತ್ರೆ ಒರೆಸುವಾಗ ಗೋಡೆಗೆ ಅಂಟಿಕೊಂಡಿದ್ದ ಚಕ್ಕೆ ಕಂಡಿತು. ಕೋವಿಯ ಮದ್ದು ಶ್ಯಾವಿಗೆ ಚೂರಿನ ಹಾಗೆ ಇರುತ್ತದೆ, ನಿಧಾನ ಉರಿಯುತ್ತದೆ. ಪಿಸ್ತೂಲಿನದು ಚಪ್ಪಟೆ ಚಕ್ಕೆ, ಭಗ್ ಅಂತ ಉರಿಯುತ್ತದೆ. ದೊಡ್ಡ ಕೊಳವೆಯಲ್ಲಿ ಅದು ತುಂಬಿಕೊಂಡರೆ ಕೋವಿಯೇ ಒಡೆದುಹೋಗುತ್ತದೆ.

"ಸೋಮವಾರದಿಂದ ಸುತ್ತಿಗೇಲಿ ಬಡೀತಾ ಕೂತಿದ್ದೀಯಾ? ನನ್ನ ಅಂಗಡಿ ಎಷ್ಟು ದೂರ ಇದೆಯೋ? ಕಾಲೆಟ್ ತಂದಿದ್ರೆ ಒಂದು ಸಾಯಂಕಾಲದ ಕೆಲಸ."

"ಆ ನಾಲ್ಕು ಜನರ ಮುಂದೆ ಬಂದು ಕಾಲೆಟ್ ಕೇಳ್ಬೇಕಿತ್ತಾ ನಾನು?"

"ಫೋನ್ ಮಾಡಿದ್ರೆ ನಾನೇ ತಂದ್ಕೊಡ್ತಿದ್ದೆ."

"ನೀನು ಬಾಯಿ ಮುಚ್ಕೊಂಡು ಇರೋಳಾ?"

ಅದಕ್ಕೆ ಉತ್ತರ ಕೊಡಬೇಕು ಅನ್ನುವಷ್ಟರಲ್ಲಿ ನನಗೆ ಹೊಳೆಯಿತು. ಬೆಂಚಿನ ಮೇಲೆ ಬಿಚ್ಚದೆ ಉಳಿದಿದ್ದು ಒಂದೇ ಟ್ರೇ. ಜನೆಲ್‌ಳ ಪೆಟ್ಟಿಗೆ ಇರಲಿಲ್ಲ.

"ಜನೆಲ್ ಪೆಟ್ಟಿಗೆ ಎಲ್ಲಿ?"

ಅವನು ಕಿಟಕಿ ಕಡೆ ನೋಡಿದ. "ಭಾನುವಾರ ಮಧ್ಯಾಹ್ನವೇ ಬಂದು ತಗೊಂಡ್ಹೋದ್ಲು."

"ಅವಳಿಗೆ ಹೇಳಿದ್ಯಾ?"

"ಅವಳದ್ದು ಎಲ್ಲಕ್ಕಿಂತ ಮೊದಲು ತುಂಬಿದ್ದು. ಕೊನೆಯಿಂದ ಬಿಚ್ಕೊಂಡು ಹೋಗ್ತಾ ಇದ್ದೀನಿ. ಎಲ್ಲಾದರೂ ಒಂದು ಕಡೆ ಚಕ್ಕೆ ಬರೋದು ನಿಲ್ಲುತ್ತೆ. ಅಲ್ಲಿಂದ ಹಿಂದಕ್ಕೆಲ್ಲ ಶುದ್ಧ ಅಂತ ಅರ್ಥ. ಸುಮ್ಮನೆ ಅವಳನ್ನ ಯಾಕೆ ಹೆದರಿಸೋದು?"

"ನಿಂತಿದೆಯಾ ಚಕ್ಕೆ?"

ಅವನು ಕಿತ್ತ ಮದ್ದಿನ ತಟ್ಟೆಗಳನ್ನು ನಾನೇ ನೋಡಿದೆ. ದಿನದಿನದ್ದನ್ನು ಬೇರೆ ಬೇರೆ ಇಟ್ಟಿದ್ದ, ಆ ಶಿಸ್ತೊಂದಕ್ಕೆ ಕೊರತೆಯಿಲ್ಲ. ಸೋಮವಾರದ ತಟ್ಟೆಯಲ್ಲಿ ಶ್ಯಾವಿಗೆ ಚೂರಿನ ನಡುವೆ ಅಲ್ಲೊಂದು ಇಲ್ಲೊಂದು ಚಕ್ಕೆ. ಬುಧವಾರದ್ದರಲ್ಲಿ ಕಾಲು ಭಾಗ. ಬೆಳಿಗ್ಗೆಯದರಲ್ಲಿ ಅರ್ಧಕ್ಕರ್ಧ. ಹಿಂದಕ್ಕೆ ಹೋದಷ್ಟೂ ಹೆಚ್ಚಾಗುತ್ತಿತ್ತು. ಆಗಲೇಬೇಕಲ್ಲ. ಉಳಿದಿದ್ದ ಪಿಸ್ತೂಲಿನ ಮದ್ದು ಪಾತ್ರೆಯ ತಳದಲ್ಲಿತ್ತು, ತಳದ್ದೇ ಮೊದಲು ಇಳಿಯುವುದು. ಮೊದಲು ತುಂಬಿದ ಪೆಟ್ಟಿಗೆಗೇ ಅದು ಹೋಗಿರಬೇಕು. ಇಷ್ಟು ನನಗೆ ಹೊಳೆದಿದ್ದು ಇವನಿಗೆ ಸೋಮವಾರವೇ ಹೊಳೆಯಲಿಲ್ಲವೇ?

ಹೊಳೆದಿತ್ತು. ಅದಕ್ಕೇ ಕೊನೆಯಿಂದ ಶುರು ಮಾಡಿದ್ದು. ಅದಕ್ಕೇ ಸುತ್ತಿಗೆ. ಒಂದು ಸಂಜೆಯಲ್ಲಿ ಗೊತ್ತಾಗುವುದನ್ನು ಒಂದು ವಾರ ಗೊತ್ತಾಗದ ಹಾಗೆ ನೋಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಉಪಕರಣ ಇಲ್ಲ. ಬಾಯಿಗೆ ಬಂದಂತೆ ಬೈದೆ. ಅಕ್ಕನ ಹೆಸರೆತ್ತಿ ಬೈದೆ, ಲೋರನ್ ಹೆಸರೆತ್ತಿ ಬೈದೆ.

ಜನೆಲ್‌ಗೆ ಫೋನ್ ಮಾಡಿದೆ. ಕರೆ ಹೋಗಲಿಲ್ಲ. ಅವಳು ಅವತ್ತು ಬೆಳಿಗ್ಗೆಯೇ ಇಬ್ಬರು ಗೆಳತಿಯರ ಜೊತೆ, ಪ್ರತಿ ವರ್ಷ ಡೇರೆ ಹಾಕುವ ಮಿಸೂರಿ ನದಿಯ ಕೊರಕಲಿಗೆ ಹೊರಟಿದ್ದಳು. ಅಲ್ಲಿ ಸಿಗ್ನಲ್ ಇಲ್ಲ. ಶನಿವಾರ ಬೆಳಕು ಹರಿದ ಕೂಡಲೇ ಬೇಟೆ ಶುರು.

"ಹೊರಡು, ಗಾಡಿ ತೆಗಿ" ಅಂದೆ.

"ಈ ಟ್ರೇ ಮುಗಿಸಿಬಿಡ್ತೀನಿ. ಶುದ್ಧ ಸಿಕ್ಕರೆ..."

"ನಿನಗೆ ಇನ್ನೂ ಸಾಕ್ಷಿ ಬೇಕಾ? ಇರು."

ಅಂಗಡಿಗೆ ಹೋಗಿ ಕಾಲೆಟ್ ತಂದೆ, ಅವನ ಗುಂಡಿನ ದಪ್ಪಕ್ಕೆ ಸರಿಹೊಂದುವ ಹಿಡಿ ಹುಡುಕಿ ತಂದೆ. ಮೇಜಿನ ಸುತ್ತ ಇದ್ದವರು ಯಾರಿಗೆ ಅಂತ ಕೇಳಿದರು. ನಿಮ್ಮ ಕೆಲಸ ನೋಡಿಕೊಳ್ಳಿ ಅಂದೆ. ಅವನ ಪ್ರೆಸ್ಸಿಗೆ ನಾನೇ ಸಿಕ್ಕಿಸಿದೆ. ಆ ಟ್ರೇಯ ಕೊನೆಯದನ್ನಲ್ಲ, ಮೊದಲನೆಯದನ್ನು, ಜನೆಲ್‌ಳ ಪೆಟ್ಟಿಗೆ ತುಂಬಿದ ಮೇಲೆ ತುಂಬಿದ ಮೊಟ್ಟಮೊದಲ ತೋಟಾವನ್ನು ಇಟ್ಟು ಹಿಡಿಕೆ ಎಳೆದೆ. ಗುಂಡು ಕಳಚಿತು. ಕೊಳವೆಯನ್ನು ಅವನ ಅಂಗೈ ಮೇಲೆ ಬೋರಲು ಹಾಕಿದೆ. ಬರೀ ಚಕ್ಕೆ. ಶ್ಯಾವಿಗೆಯ ಒಂದು ಚೂರೂ ಇರಲಿಲ್ಲ.

ಆರ್ಲೊ ಅಂಗೈ ಮುಚ್ಚಿಕೊಂಡ. ಕೋಟನ್ನೂ ಹಾಕಿಕೊಳ್ಳದೆ ಹೋಗಿ ಗಾಡಿಯಲ್ಲಿ ಕೂತ.

ನಾನೇ ಓಡಿಸಿದೆ, ಅವನ ಕೈಯಲ್ಲಿ ಸ್ಟಿಯರಿಂಗ್ ಹಿಡಿಯಲು ಆಗುತ್ತಿರಲಿಲ್ಲ. ದಾರಿಯುದ್ದಕ್ಕೂ ಅವನಿಗೆ ಈಗ ಗ್ರೇಡರ್ ಓಡಿಸುವವನ ಮೇಲೆ ಸಿಟ್ಟು. "ನೋಡು, ಅಂಚು ಹೆರೆದೇ ಇಲ್ಲ. ನೋಡು, ನೀರು ಹೇಗೆ ನಿಂತಿದೆ" ಅಂತ ಗೊಣಗುತ್ತಿದ್ದ. ಸ್ವಲ್ಪ ಹೊತ್ತು ಕೇಳಿಸಿಕೊಂಡೆ.

"ಇನ್ನೊಂದು ಮಾತು ರಸ್ತೆ ಬಗ್ಗೆ ಆಡಿದ್ರೆ ಇಲ್ಲೇ ಇಳಿಸಿ ಹೋಗ್ತೀನಿ" ಅಂದೆ. "ಗಾಳೀಲಿ ನಡ್ಕೊಂಡು ಬಾ, ಕೊಬ್ಬು ಕರಗುತ್ತೆ."

ರಸ್ತೆ ನೋಡುವುದನ್ನೇ ಬಿಟ್ಟ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದ. ಒಂದು ಸಲ ಮಾತ್ರ, "ಬಂದ ಕೂಡಲೇ ಕೋವಿ ಪರೀಕ್ಷೆ ಮಾಡೋಕೆ ಒಂದೆರಡು ಹಾರಿಸೋ ಅಭ್ಯಾಸ ಅವಳಿಗೆ" ಅಂದ. ತನಗೇ ಹೇಳಿಕೊಂಡದ್ದೋ, ನನಗೆ ಹೇಳಿದ್ದೋ ತಿಳಿಯಲಿಲ್ಲ. ನಾನು ಆಕ್ಸಿಲರೇಟರ್ ಒತ್ತಿದೆ.

ಕೊರಕಲಿನ ತುದಿಯಲ್ಲಿ ಅವಳ ಗಾಡಿ ಕಂಡಾಗ ಬಿಸಿಲು ಇನ್ನೂ ಇತ್ತು. ಗೆಳತಿಯರು ಡೇರೆ ಕಟ್ಟುತ್ತಿದ್ದರು. ಜನೆಲ್ ಗಾಡಿಯ ಹಿಂಬಾಗಿಲು ಇಳಿಸಿ, ಅದರ ಮೇಲೆ ಅಪ್ಪನ ಪೆಟ್ಟಿಗೆ ತೆರೆದಿಟ್ಟುಕೊಂಡು, ಕಿತ್ತಳೆ ಬಣ್ಣದ ಬೇಟೆ ಜಾಕೆಟ್ಟಿನ ಜೇಬಿಗೆ ತೋಟಾ ಹಾಕಿಕೊಳ್ಳುತ್ತಿದ್ದಳು. ಎರಡು ಕಣ್ಣೂ ಇದ್ದವು, ಎರಡು ಕೈಯೂ ಇದ್ದವು.

ನಾನು ಗಾಡಿ ನಿಲ್ಲಿಸುವುದಕ್ಕೂ ಮೊದಲೇ ಆರ್ಲೊ ಇಳಿದು ಓಡಿದ. "ಮುಟ್ಟಬೇಡ ಅದನ್ನ. ಹಾರಿಸಬೇಡ" ಅಂತ ಅವಳ ಮುಂದಿದ್ದ ಪೆಟ್ಟಿಗೆ ಕಿತ್ತುಕೊಂಡ. ಅವಳು ತಬ್ಬಿಬ್ಬಾಗಿ ನೋಡಿದಳು. ಅವನು ಒಂದು ತೋಟಾ ತೆಗೆದು ಬಿಸಿಲಿಗೆ ಹಿಡಿದ. ಕಣ್ಣಿನ ಹತ್ತಿರ ತಂದ, ತಿರುಗಿಸಿದ. ಇನ್ನೊಂದು ತೆಗೆದ. ಅದನ್ನೂ ತಿರುಗಿಸಿದ. ಪೊರೆ ಬಂದ ಕಣ್ಣಿಗೂ ಹತ್ತಿರ ಹಿಡಿದರೆ ಕಾಣುತ್ತಿತ್ತು. ಕೊಳವೆಯ ಬಾಯಿಯ ಮೇಲೆ, ತಾಮ್ರದ ಗುಂಡಿನ ಸುತ್ತ, ಉಗುರಿನಲ್ಲಿ ಗೀರಿದಷ್ಟು ಸಣ್ಣ ಉಂಗುರ. ಕಾಲೆಟ್ ಹಿಡಿದ ಗುರುತು.

ಮಗಳ ಜೀವ ಉಳಿದದ್ದು ಅವನಿಗೆ ಗೊತ್ತಾದದ್ದು ಆ ಗುರುತಿನಿಂದ. ಅದನ್ನು ನೋಡಿ ಆ ಮಹಾನುಭಾವ ಆಡಿದ ಮೊದಲ ಮಾತು ಏನು ಗೊತ್ತೇ?

"ಜಾಸ್ತಿ ಬಿಗಿ ಮಾಡಿದ್ದೀಯ. ಉಂಗುರ ಬಿದ್ದಿದೆ."

ಅಲ್ಲೇ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ. ಜನೆಲ್ ಮಾತ್ರ ಶಾಂತವಾಗಿದ್ದಳು. ಎಂದಾದರೂ ಒಂದು ದಿನ ಹೇಳಲೇಬೇಕಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು ಅಂತ ಕಾಣುತ್ತದೆ.

"ಹೂಂ ಅಪ್ಪ. ಬಿಚ್ಚಿ ನಾನೇ ಮತ್ತೆ ತುಂಬಿದ್ದೀನಿ. ಪ್ರತಿ ವರ್ಷ ಬಿಚ್ತೀನಿ. ಅಮ್ಮ ಹೋದ ಮರುವರ್ಷ ಒಂದು ತೋಟಾ ಟುಸ್ ಅಂತು. ಒಳಗೆ ಮದ್ದೇ ಇರಲಿಲ್ಲ. ಅವತ್ತೇ ಪೇಟೆಗೆ ಹೋಗಿ ಕಾಲೆಟ್ ತಂದೆ. ಚಿಕ್ಕಮ್ಮನ ಅಂಗಡಿಗೆ ಹೋಗೋ ಹಾಗಿರಲಿಲ್ಲ, ನೀನು ಕೂತಿರ್ತೀಯ. ಗುಂಡು ನಿಂದೇ, ಕೊಳವೆ ನಿಂದೇ. ಮದ್ದು ಮಾತ್ರ ನಾನು ಅಳೆದು ಹಾಕ್ತೀನಿ."

ಆರ್ಲೊ ಪೆಟ್ಟಿಗೆಯನ್ನು ಮತ್ತೆ ಹಿಂಬಾಗಿಲ ಮೇಲೆ ಇಟ್ಟ.

"ಈ ವರ್ಷದ್ದು ಬಿಚ್ಚಿದ್ರೆ ಬರೀ ಚಕ್ಕೆ ಉದುರಿತು" ಅಂದಳು ಜನೆಲ್. "ಅಡುಗೆಮನೆ ಮೇಜಿನ ಮೇಲೆ ಹರಡ್ಕೊಂಡು ಕೂತು ಅತ್ತೆ. ಅಪ್ಪನಿಗೆ ವಯಸ್ಸಾಯ್ತು, ತಾನೇನು ಮಾಡ್ತಿದ್ದೀನಿ ಅಂತ ಅವನಿಗೇ ಗೊತ್ತಾಗ್ತಿಲ್ಲ ಅಂತ. ಬೇಟೆ ಮುಗಿದ ಮೇಲೆ ನಿನಗೆ ನೋವಾಗದ ಹಾಗೆ ಹೇಗೆ ಹೇಳೋದು ಅಂತ ವಾರವೆಲ್ಲ ಯೋಚಿಸ್ತಿದ್ದೆ." ಆಗ ಅವಳ ಕಣ್ಣು ಅವನ ಮಣಿಕಟ್ಟಿನ ಮೇಲೆ ಬಿತ್ತು. "ಕೈಗೇನಾಯ್ತು?"

ಅವನು ಕೈಯನ್ನು ಹಿಂದಕ್ಕೆ ಸರಿಸಿದ. ಅವಳು ನನ್ನ ಕಡೆ ನೋಡಿದಳು. ನಾನು ಮುಚ್ಚಿಡಲಿಲ್ಲ. ಯಾಕೆ ಮುಚ್ಚಿಡಲಿ?

"ಉಳಿದ ತೋಟಾಗಳನ್ನ ಸುತ್ತಿಗೇಲಿ ಬಿಚ್ತಾ ಇದ್ದ" ಅಂದೆ.

"ಅಂದ್ರೆ ಗೊತ್ತಿತ್ತಾ ನಿನಗೆ?" ಅಂತ ಅಪ್ಪನನ್ನು ಕೇಳಿದಳು. "ಯಾವತ್ತಿಂದ?"

ಆರ್ಲೊ ಸುಳ್ಳು ಹೇಳುವವನಲ್ಲ, ಅಷ್ಟು ಮರ್ಯಾದೆ ಅವನಿಗೆ ಸಲ್ಲಬೇಕು. "ಸೋಮವಾರದಿಂದ" ಅಂದ.

"ಇವತ್ತು ಶುಕ್ರವಾರ."

"ನಿನ್ನದು ಶುದ್ಧ ಇರಬಹುದು ಅಂದ್ಕೊಂಡೆ."

"ಅಂದ್ಕೊಂಡ್ಯಾ." ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಗೋದಾಮಿನ ಫೋನ್ ನಂಬರ್ ಇದೆ ನಿನ್ನ ಹತ್ರ. ಮನೇದಿದೆ. ನನ್ನದಿದೆ. ಬುಧವಾರ ರಾತ್ರಿ ನಾನೇ ನಿನಗೆ ಫೋನ್ ಮಾಡಿ ಹವಾಮಾನ ಹೇಗಿರುತ್ತೆ ಅಂತ ಕೇಳಿದ್ನಲ್ಲ. ಗಾಳಿ ಜಾಸ್ತಿ ಇರುತ್ತೆ, ಬೆಚ್ಚಗಿನ ಕಾಲುಚೀಲ ಹಾಕ್ಕೋ ಅಂದೆ ನೀನು."

ಈ ಫೋನಿನ ವಿಷಯ ನನಗೂ ಗೊತ್ತಿರಲಿಲ್ಲ. ಊರಿಗೆಲ್ಲ ಬೈಯುತ್ತಿದ್ದ ಬಾಯಿ ಅವತ್ತು ಕಾಲುಚೀಲದ ಮಾತಷ್ಟೇ ಆಡಿತ್ತು.

"ಕಣ್ಣು ಕಾಣಿಸ್ದೆ ತಪ್ಪಿದ್ರೆ ನಾನು ನೂರು ವರ್ಷ ಬೇಕಾದ್ರೂ ಬಿಚ್ತಿದ್ದೆ ಅಪ್ಪ" ಅಂದಳು ಜನೆಲ್. "ಗೊತ್ತಿದ್ದೂ ಸುಮ್ಮನಿದ್ಯಲ್ಲ, ಅದನ್ನ ಯಾವ ಕಾಲೆಟ್‌ನಲ್ಲಿ ಕೀಳಲಿ? ಮನೆಗೆ ಹೋಗು."

ಜೇಬಿಗೆ ಹಾಕಿಕೊಂಡಿದ್ದ ತೋಟಾಗಳನ್ನೆಲ್ಲ ತೆಗೆದು ಪೆಟ್ಟಿಗೆಗೆ ಸುರಿದು, ಪೆಟ್ಟಿಗೆಯನ್ನು ಅವನ ಎಡಗೈಗೆ ಕೊಟ್ಟಳು. ಗೆಳತಿಯೊಬ್ಬಳನ್ನು ಕರೆದು, "ನಿನ್ನ ಹತ್ರ ಅಂಗಡಿ ತೋಟಾ ಇದೆಯಲ್ಲ, ನನಗೊಂದಿಷ್ಟು ಕೊಡೇ" ಅಂದಳು. ಅಪ್ಪ ನಿಂತಿರುವಾಗಲೇ ಅಂದಳು.

ವಾಪಸ್ ಬರುವಾಗ ನಾನು ಬೈಯಲಿಲ್ಲ. ಬೈಯುವುದಕ್ಕೆ ಏನೂ ಉಳಿದಿರಲಿಲ್ಲ. ಅವನು ಆ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಮನೆ ಬಾಗಿಲಲ್ಲಿ ಇಳಿಸಿದೆ. ನನ್ನ ಹಾಟ್‌ಡಿಷ್ ತಟ್ಟೆ ಗ್ಯಾರೇಜಿನ ಬೆಂಚಿನ ಮೇಲೆಯೇ ಇತ್ತು, ತೆಗೆದುಕೊಂಡು ಬಂದೆ. ಅವತ್ತು ಅವನಿಗೆ ಅದನ್ನು ಕೊಡಲು ನನಗೆ ಮನಸ್ಸು ಬರಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಅಂಗಡಿ ತುಂಬಿತ್ತು. ಯಾರು ಎಷ್ಟು ದೊಡ್ಡ ಜಿಂಕೆ ಹೊಡೆದರು ಅನ್ನುವ ಬೊಗಳೆ ನಡೆದಿತ್ತು. ಲೋರನ್ ಆಸೆನ್ ಅಂಚೆ ಚೀಲ ಇಳಿಸಿ ನಿಂತೇ ಕಾಫಿ ಕುಡಿಯುತ್ತಿದ್ದ. ಬಾಗಿಲು ತೆರೆದುಕೊಂಡು ಆರ್ಲೊ ಬಂದ. ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು. ಗೋಡೆ ಪಕ್ಕದ ಕುರ್ಚಿಗೆ ಹೋಗದೆ ನೇರ ಕೌಂಟರಿಗೆ ಬಂದ. ನಾನು ಕೊಟ್ಟಿದ್ದ ಕಾಲೆಟ್ ಅವನ ಪ್ರೆಸ್ಸಿನಲ್ಲೇ ಇತ್ತಲ್ಲ, ಅದನ್ನು ತಂದು ಎಲ್ಲರಿಗೂ ಕಾಣುವ ಹಾಗೆ ಕೌಂಟರಿನ ಮೇಲೆ ಇಟ್ಟ.

"ಇದರ ಇನ್ನುಳಿದ ಅಳತೆಯ ಹಿಡಿಗಳೂ ಬೇಕು" ಅಂದ. "ಎಲ್ಲಾ ಅಳತೇದೂ. ಶೆಲ್ಫಿನಲ್ಲಿ ಹಳೇದೆಲ್ಲ ಇದೆ. ಯಾವುದರಲ್ಲಿ ಏನಿದೆಯೋ, ಒಂದನ್ನೂ ನಂಬೋ ಹಾಗಿಲ್ಲ. ಪೂರಾ ಬಿಚ್ತೀನಿ. ಆಮೇಲೆ ಪ್ರೆಸ್ ಮಾರ್ತೀನಿ, ಬೇಕಾದೋರು ಕೇಳಲಿ."

ಮೇಜಿನ ಸುತ್ತ ಯಾರೂ ಹಲ್ಲು ಕಿರಿಯಲಿಲ್ಲ. ಆರ್ಲೊ ಲೋರನ್ ಕಡೆ ತಿರುಗಿದ.

"ಕೇಳು" ಅಂದ.

"ಏನನ್ನ?"

"ನಾನು ಅವತ್ತು ನಿನಗೆ ಕೇಳಿದ್ದನ್ನ. ಕೇಳೋ. ಬಾಯಿ ಇಲ್ವಾ ನಿನಗೆ?" ಕ್ಷಮೆ ಕೇಳುವುದನ್ನೂ ಜಗಳ ಮಾಡಿಕೊಂಡೇ ಕೇಳಬೇಕು ಈ ಮನುಷ್ಯನಿಗೆ.

ಲೋರನ್ ಲೋಟ ಕೆಳಗಿಟ್ಟ. ಕೇಳಲು ಅವನಿಗೆ ಇಷ್ಟವಿರಲಿಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು. ಕೊನೆಗೆ ಮೆತ್ತಗೆ, "ಅಡುಗೆ ಕೆಟ್ಟಿತಾ ಆರ್ಲೊ?" ಅಂದ.

"ಕೆಟ್ಟಿತು" ಅಂದ ಆರ್ಲೊ. "ಕೆಟ್ಟಿದ್ದು ಗೊತ್ತಿತ್ತು. ಮಗಳಿಗೆ ಬಡಿಸಿ ಸುಮ್ಮನೆ ಕೂತಿದ್ದೆ."

ಹಿಡಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಕೊಟ್ಟೆ. ತೆಗೆದುಕೊಂಡು ಹೋದ. ಆಗಿನಿಂದ ಅವನ ಗ್ಯಾರೇಜಿನಲ್ಲಿ ಪ್ರೆಸ್ಸಿನ ಹಿಡಿಕೆ ಎಳೆಯುವ ಸದ್ದು ಕೇಳಿಸುತ್ತದೆ, ಸುತ್ತಿಗೆಯ ಸದ್ದಿಲ್ಲ. ಕಣ್ಣಿನ ಆಪರೇಷನ್ನಿಗೂ ಹೆಸರು ಬರೆಸಿದ್ದಾನಂತೆ. ಪ್ರತಿ ಭಾನುವಾರ ಮಗಳಿಗೆ ಫೋನ್ ಮಾಡುತ್ತಾನೆ. ಜನೆಲ್ ಇನ್ನೂ ಎತ್ತಿಲ್ಲ. ಎತ್ತು ಅಂತ ನಾನೂ ಹೇಳಿಲ್ಲ.